ಎಡಿಎಚ್‌ಡಿ ಇರುವ ಐದೂವರೆ ವರ್ಷದ ಮಗನಿಗೆ ನಿದ್ರೆಗೆಂದು ಔಷಧ ಕೊಡಬಹುದೇ?

ಮಗನಿಗೆ ಐದೂವರೆ ವರ್ಷ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದು ಗುರುತಿಸಿ ನಾಲ್ಕು ತಿಂಗಳಾಗಿದೆ, ರಾತ್ರಿ ಹನ್ನೊಂದೂವರೆ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ ಏಳೂವರೆಗೆ ಶಾಲೆಯ ವ್ಯಾನ್ ಬಾಗಿಲಲ್ಲಿರುತ್ತದೆ. ಅಮೆರಿಕದಿಂದ ಬಂದ ನಾದಿನಿ ನಿದ್ರೆಗೆಂದು ಮೆಲಟೋನಿನ್ ಗಮ್ಮಿಯ (ಮಿಠಾಯಿಯಂತೆ ಅಗಿದು ತಿನ್ನುವ ಗುಳಿಗೆ) ಡಬ್ಬಿ ಕೊಟ್ಟು ಹೋಗಿದ್ದಾರೆ, ಅತ್ತೆಯವರು ನೆಗಡಿಯ ಸಿರಪ್ ಅರ್ಧ ಚಮಚ ಹಾಕಿದರೆ ಸಾಕು ಎನ್ನುತ್ತಾರೆ. ಎರಡರಲ್ಲಿ ಯಾವುದು ಎಂದು ಕೇಳಿದ್ದೀರಿ.

ಸಿರಪ್ ಬೇಡವೇ ಬೇಡ. ಗಮ್ಮಿಯನ್ನು ನಿಮ್ಮ ಮಗುವಿನ ವೈದ್ಯರು ನೋಡುವವರೆಗೆ ತೆರೆಯಬೇಡಿ. ನಾನು ವೈದ್ಯೆಯಲ್ಲ. ಎಡಿಎಚ್‌ಡಿ ಇರುವ ಹುಡುಗನ ತಾಯಿ. ಅವನಿಗೀಗ ಹನ್ನೊಂದು ವರ್ಷ. ನಾಲ್ಕರಿಂದ ಆರನೆಯ ವರ್ಷದವರೆಗೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರೆ ಮಾಡಿರಲಿಲ್ಲ. ಆ ಕಾಲದಲ್ಲಿ ವೈದ್ಯರಿಂದ ಕೇಳಿ, ಓದಿ, ಅನುಭವಿಸಿ ತಿಳಿದದ್ದನ್ನು ಬರೆಯುತ್ತೇನೆ.

ಸಿರಪ್ಪಿನ ಮಾತು ಮೊದಲು ಮುಗಿಸುತ್ತೇನೆ. ನೆಗಡಿಯ ಔಷಧಗಳಲ್ಲಿ ಮಂಪರು ತರುವುದು ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್‌ನಂತಹ ಅಲರ್ಜಿಯ ಔಷಧ. ಮಂಪರು ಬೇರೆ, ನಿದ್ರೆ ಬೇರೆ. ಕೆಲವು ಮಕ್ಕಳಲ್ಲಿ ಇದು ತಿರುಗುಬಾಣವಾಗುತ್ತದೆ: ಮಲಗುವ ಬದಲು ಮಗು ಇನ್ನಷ್ಟು ಕೆರಳುತ್ತದೆ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ರಾತ್ರಿ ಬಸ್ಸಿನ ಪ್ರಯಾಣಕ್ಕೆಂದು ಔಷಧದ ಅಂಗಡಿಯವರು ಹೇಳಿದರೆಂದು ಒಂದು ಸಲ ಕೊಟ್ಟೆ. ಬೆಳಗಿನ ಜಾವ ಮೂರರವರೆಗೆ ಸೀಟಿನ ಮೇಲೆ ಹಾರುತ್ತ, ಅಳುತ್ತ, ನಗುತ್ತ ಇದ್ದ. ಮಾರನೆಯ ದಿನವೆಲ್ಲ ಮಂಕಾಗಿ ಬಿದ್ದುಕೊಂಡಿದ್ದ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಟ್ಟರೆ ಉಸಿರಾಟವೇ ಕುಗ್ಗಬಹುದು ಎಂಬ ಎಚ್ಚರಿಕೆ ಬಹಳ ಹಿಂದಿನಿಂದ ಇದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ನೆಗಡಿಯ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಬಾಟಲಿಯ ಮೇಲೆ ಅಚ್ಚು ಹಾಕಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ, ನಿಜ. ಆದರೆ ನೆಗಡಿಯಿಲ್ಲದ ಮಗುವಿಗೆ ದಿನವೂ ನೆಗಡಿಯ ಔಷಧ ಕೊಡಲು ಯಾವ ಕಾರಣವೂ ಇಲ್ಲ. ಅತ್ತೆಯವರೊಂದಿಗೆ ಜಗಳ ಬೇಡ, ಅವರು ಮೊಮ್ಮಗನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಬಾಟಲಿಯ ಮೇಲಿನ ಆ ಎಚ್ಚರಿಕೆಯನ್ನು ಅವರಿಗೇ ಓದಿ ಹೇಳಿ.

ಇನ್ನು, ಅವನು ಏಕೆ ಮಲಗುತ್ತಿಲ್ಲ ಎಂಬ ಮಾತು. ನೀವು ಬರೆದದ್ದರಲ್ಲಿ ಇದೊಂದು ಇಲ್ಲ. ನಾನೂ ಎರಡು ವರ್ಷ ಇದನ್ನು ಕೇಳಿಕೊಂಡಿರಲಿಲ್ಲ. ಎಡಿಎಚ್‌ಡಿ ಇದೆ, ಆದ್ದರಿಂದ ಮಲಗುವುದಿಲ್ಲ ಎಂದು ಒಪ್ಪಿಕೊಂಡುಬಿಟ್ಟಿದ್ದೆ.

ನಮ್ಮವನಿಗೆ ರಾತ್ರಿಯ ಒಂದು ವಾಡಿಕೆ ಇತ್ತು. ಹಾಸಿಗೆಗೆ ಬಂದ ಕೂಡಲೇ "ಅಮ್ಮ, ಕಾಲು ಒತ್ತು" ಎನ್ನುತ್ತಿದ್ದ. ಒತ್ತುತ್ತಿರುವಷ್ಟು ಹೊತ್ತು ಸುಮ್ಮನಿರುತ್ತಿದ್ದ, ಕೈ ತೆಗೆದರೆ ಕಾಲು ಝಾಡಿಸುತ್ತಿದ್ದ, ಗೋಡೆಗೆ ಒದೆಯುತ್ತಿದ್ದ, ಎದ್ದು ಓಡುತ್ತಿದ್ದ. ಓಡಿ ಬಂದಮೇಲೆ ಐದು ನಿಮಿಷ ಆರಾಮ, ಮತ್ತೆ ಅದೇ. ಹಗಲೆಲ್ಲ ಆಡಿದ್ದಾನೆ, ಕಾಲು ನೋವು ಎಂದುಕೊಂಡು ಎಣ್ಣೆ ಸವರಿ ಒತ್ತುತ್ತಿದ್ದೆ. ನಿದ್ರೆ ಬಂದಮೇಲೂ ಕಾಲುಗಳು ಆಗಾಗ ಎಗರುತ್ತಿದ್ದವು. ಮಕ್ಕಳ ಮನೋವೈದ್ಯೆಯೊಬ್ಬರು ಇದನ್ನು ಕೇಳಿ, ನನ್ನನ್ನು ಬಿಟ್ಟು ನೇರವಾಗಿ ಅವನನ್ನೇ "ಕಾಲಿನಲ್ಲಿ ಏನಾಗುತ್ತದೆ ಪುಟ್ಟ?" ಎಂದು ವಿಚಾರಿಸಿದರು. "ಒಳಗೆ ಇರುವೆ ಓಡುತ್ತವೆ" ಎಂದ. ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಅವನನ್ನು "ಸುಮ್ಮನೆ ಮಲಗು" ಎಂದು ಗದರಿದ್ದೆನಲ್ಲ.

ಕೂತರೆ ಮಲಗಿದರೆ ಕಾಲಿನಲ್ಲಿ ಹೀಗೆ ತಡೆಯಲಾಗದ ತಳಮಳ ಹುಟ್ಟುವ ತೊಂದರೆ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಉಳಿದ ಮಕ್ಕಳಿಗಿಂತ ಹೆಚ್ಚು. ಇದಕ್ಕೂ ದೇಹದ ಕಬ್ಬಿಣಾಂಶಕ್ಕೂ ನಂಟಿದೆ. ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗಲು ಮೆದುಳಿಗೆ ಕಬ್ಬಿಣ ಬೇಕು. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ದಾಸ್ತಾನನ್ನು ತೋರಿಸುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ, ಕೇಳಿಯೇ ಬರೆಸಬೇಕು. ಕಾಲಿನ ಈ ತೊಂದರೆ ಇರುವ ಮಕ್ಕಳಲ್ಲಿ ಫೆರಿಟಿನ್ (ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ) 50ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಟ್ಟು ನೋಡಬಹುದು ಎಂಬುದು ತಜ್ಞರ ಸಲಹೆ. ಪ್ರಯೋಗಾಲಯದ ವರದಿಯಲ್ಲಿ ಅದಕ್ಕಿಂತ ಎಷ್ಟೋ ಕೆಳಗಿನ ಅಂಕಿಯೂ 'ಸಾಮಾನ್ಯ' ಎಂದೇ ಅಚ್ಚಾಗಿರುತ್ತದೆ. ನಮ್ಮವನದು 14 ಇತ್ತು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರಿ ಸುಳ್ಳು ಭರವಸೆ ಕೊಡುತ್ತದೆ. ಮಗು ಆರೋಗ್ಯವಾಗಿರುವಾಗಲೇ ಮಾಡಿಸಿ.

ಕಬ್ಬಿಣದ ಕೊರತೆ ನಮ್ಮಲ್ಲಿ ಅಪರೂಪವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದರೂ ಪರೀಕ್ಷೆಯಿಲ್ಲದೆ ಕಬ್ಬಿಣದ ಸಿರಪ್ ಸುರಿಯಬೇಡಿ, ಹೆಚ್ಚಾದರೆ ಅದು ಮಕ್ಕಳಿಗೆ ವಿಷ. ನಮಗೆ ವೈದ್ಯರು ತೂಕ ನೋಡಿ ಪ್ರಮಾಣ ಬರೆದುಕೊಟ್ಟರು. ನಿಂಬೆಹಣ್ಣಿನ ಪಾನಕದೊಂದಿಗೆ ಕೊಡುತ್ತಿದ್ದೆ, ಹಾಲು, ಚಹಾಗಳಿಂದ ದೂರ ಇಡುತ್ತಿದ್ದೆ. ಮೂರನೆಯ ತಿಂಗಳ ಹೊತ್ತಿಗೆ ಕಾಲು ಒತ್ತು ಎನ್ನುವುದು ನಿಂತಿತು. ಹನ್ನೆರಡಕ್ಕೆ ಮಲಗುತ್ತಿದ್ದವನು ಹತ್ತೂವರೆಗೆ ಬಂದ. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ನೋಡದೆ ಬಿಡಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಎರಡನೆಯದು ಗೊರಕೆ. ಬಾಯಿ ತೆರೆದು ಮಲಗುತ್ತಾನೆಯೇ, ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಏದುಸಿರಿನಿಂದ ಶುರುವಾಗುತ್ತದೆಯೇ, ತಲೆದಿಂಬು ಬೆವರಿನಿಂದ ಒದ್ದೆಯಾಗುತ್ತದೆಯೇ ಗಮನಿಸಿ. ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ದೊಡ್ಡದಾಗಿ ರಾತ್ರಿ ಉಸಿರು ಕಟ್ಟುವ ಮಗು ಹಗಲಿನಲ್ಲಿ ದೊಡ್ಡವರ ಹಾಗೆ ತೂಕಡಿಸುವುದಿಲ್ಲ; ಚಡಪಡಿಸುತ್ತದೆ, ರಂಪ ಮಾಡುತ್ತದೆ, ನೋಡುವವರಿಗೆ ಎಡಿಎಚ್‌ಡಿಯಂತೆಯೇ ಕಾಣುತ್ತದೆ. ಇಂತಹ ಮಗುವಿಗೆ ಮಂಪರಿನ ಔಷಧ ಕೊಟ್ಟರೆ ಉಸಿರಿನ ಕಷ್ಟ ಇನ್ನೂ ಹೆಚ್ಚಬಹುದು. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ಮಾಡಿಕೊಂಡು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಈಗ ಮೆಲಟೋನಿನ್. ಕತ್ತಲಾದಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಹಾರ್ಮೋನು ಇದು, ದೇಹಕ್ಕೆ ರಾತ್ರಿಯಾಯಿತು ಎಂದು ಹೇಳುವ ಕರೆ. ಎಡಿಎಚ್‌ಡಿ ಇದ್ದು ನಿದ್ರೆ ಹತ್ತದ ಮಕ್ಕಳಲ್ಲಿ ಈ ಕರೆ, ಎಡಿಎಚ್‌ಡಿ ಇದ್ದೂ ಸುಲಭವಾಗಿ ಮಲಗುವ ಮಕ್ಕಳಿಗಿಂತ ಸುಮಾರು ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2005ರಲ್ಲಿ ತೋರಿಸಿದರು. ಅಂದರೆ ಒಂಬತ್ತಕ್ಕೆ ಹಾಸಿಗೆಯಲ್ಲಿ ಹೊರಳಾಡುವ ನಿಮ್ಮ ಮಗನದು ಹಟವಲ್ಲ, ಅವನ ದೇಹಕ್ಕೆ ಇನ್ನೂ ರಾತ್ರಿಯಾಗಿರಲಿಕ್ಕಿಲ್ಲ. ಅದೇ ತಂಡ 2007ರಲ್ಲಿ ಆರರಿಂದ ಹನ್ನೆರಡು ವರ್ಷದ 105 ಮಕ್ಕಳಿಗೆ ನಾಲ್ಕು ವಾರ ಮೆಲಟೋನಿನ್ ಅಥವಾ ಹುಸಿ ಮಾತ್ರೆ (ಔಷಧವಿಲ್ಲದ ಮಾತ್ರೆ) ಕೊಟ್ಟು ನೋಡಿತು. ಮೆಲಟೋನಿನ್ ಪಡೆದವರು ಮೊದಲಿಗಿಂತ ಸರಾಸರಿ 27 ನಿಮಿಷ ಬೇಗ ಮಲಗಿದರು. ಹಗಲಿನ ನಡತೆಯಲ್ಲಿ, ಗಮನದಲ್ಲಿ ಬದಲಾವಣೆ ಕಾಣಲಿಲ್ಲ. ಇಪ್ಪತ್ತೇಳು ನಿಮಿಷ ಕಡಿಮೆಯಲ್ಲ, ಸೋತ ತಾಯಿಗೆ ಅದು ಬಹಳ ದೊಡ್ಡದು. ಆದರೆ ನಿರೀಕ್ಷೆ ಅಷ್ಟರಲ್ಲೇ ಇರಲಿ. ಆ ಮಕ್ಕಳು ಆರು ತುಂಬಿದವರು ಎಂಬುದನ್ನೂ ನೆನಪಿಡಿ.

ಗಮ್ಮಿಯ ಬಗ್ಗೆ ನನ್ನ ಭಯ ಬೇರೆ. ಅಮೆರಿಕದಲ್ಲಿ ಮೆಲಟೋನಿನ್ ಔಷಧವೆಂದಲ್ಲ, ಆಹಾರಪೂರಕವೆಂದು ಮಾರಾಟವಾಗುತ್ತದೆ. ಬ್ರಿಟನ್ನಿನಲ್ಲಿ ಅದೇ ವಸ್ತುವಿಗೆ ವೈದ್ಯರ ಚೀಟಿ ಬೇಕು. 2023ರಲ್ಲಿ ಅಮೆರಿಕದ ಸಂಶೋಧಕರು 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಬರೆದದ್ದರ ಮೂರೂವರೆ ಪಟ್ಟು ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಮೇಲಾಗಿ ಅದು ಮಿಠಾಯಿಯ ರುಚಿ, ಬಣ್ಣದ್ದು. ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ ಮಕ್ಕಳು ಮೆಲಟೋನಿನ್ ನುಂಗಿದ ಬಗ್ಗೆ 2012ರಲ್ಲಿ 8,337 ವರದಿಗಳು ಬಂದಿದ್ದವು; 2021ರಲ್ಲಿ 52,563. ಹೆಚ್ಚಿನವು ಪುಟ್ಟ ಮಕ್ಕಳು ಗೊತ್ತಿಲ್ಲದೆ ತಿಂದವು. ಯಾವುದನ್ನು ಕಂಡರೂ ಕೈ ಚಾಚುವ ನಮ್ಮಂತಹ ಮಕ್ಕಳಿರುವ ಮನೆಯಲ್ಲಿ ಆ ಡಬ್ಬಿ ಬೀಗದೊಳಗಿರಬೇಕು.

ಕೊನೆಗೆ ನಾವೂ ಮೆಲಟೋನಿನ್ ಬಳಸಿದೆವು. ಅದನ್ನು ಮರೆಮಾಚುವುದಿಲ್ಲ. ಫೆರಿಟಿನ್ ಸರಿಹೋದಮೇಲೂ ಹತ್ತೂವರೆಯಿಂದ ಹಿಂದಕ್ಕೆ ಬರಲಿಲ್ಲವೆಂದು ವೈದ್ಯೆ ಬಹಳ ಕಡಿಮೆ ಪ್ರಮಾಣದ ಮಾತ್ರೆ ಬರೆದರು. ಆಗ ಅವನಿಗೆ ಆರು ತುಂಬಿತ್ತು. ಮಲಗುವುದಕ್ಕೆ ಒಂದು ಗಂಟೆ ಮೊದಲು, ಮೂರು ತಿಂಗಳು, ಆಮೇಲೆ ನಿಲ್ಲಿಸಿ ನೋಡುವುದು ಎಂದು ಮೊದಲೇ ಮಾತಾಗಿತ್ತು. ಮಗುವಿಗೆ ಔಷಧ ಕೊಟ್ಟೆನೆಂದು ನಾನು ನಾಚಿಕೊಳ್ಳುವುದಿಲ್ಲ, ಕೊಡಬೇಕಾಗಿ ಬಂದರೆ ನೀವೂ ನಾಚಿಕೊಳ್ಳಬೇಡಿ.

ಅದರೊಂದಿಗೆ ವೈದ್ಯೆ ಹೇಳಿದ ಇನ್ನೊಂದು ಉಪಾಯ ನನಗೆ ಮೊದಲು ತಲೆಕೆಳಗಾಗಿ ಕಂಡಿತ್ತು. ಒಂಬತ್ತಕ್ಕೇ ಹಾಸಿಗೆಗೆ ಎಳೆದು ಎರಡು ಗಂಟೆ ಗುದ್ದಾಡುವುದನ್ನು ಬಿಟ್ಟು, ಅವನು ನಿಜವಾಗಿ ನಿದ್ರೆಹೋಗುವ ಹೊತ್ತಿಗೇ ಹಾಸಿಗೆ ಹಾಸಿ ಎಂದರು. ಬೆಳಿಗ್ಗೆ ಮಾತ್ರ, ಭಾನುವಾರವೂ ಸೇರಿ, ಒಂದೇ ಹೊತ್ತಿಗೆ ಎಬ್ಬಿಸಿ ಬಿಸಿಲಿಗೆ ಕರೆದುಕೊಂಡು ಹೋಗಬೇಕು. ಹಾಸಿಗೆ ಸೇರಿದ ಕೂಡಲೇ ನಿದ್ರೆ ಬರುವುದು ನಾಲ್ಕೈದು ದಿನ ಸತತವಾಗಿ ಆದಮೇಲೆ ಹದಿನೈದು ನಿಮಿಷ ಹಿಂದಕ್ಕೆ. ಹೀಗೆ ಜಗುಲಿಯ ಮೆಟ್ಟಿಲಿಳಿದ ಹಾಗೆ ಇಳಿಯುತ್ತ ಒಂಬತ್ತೂಕಾಲಿಗೆ ತಲುಪಲು ನಮಗೆ ಏಳು ವಾರ ಹಿಡಿಯಿತು. ಸಂಜೆ ಅಜ್ಜನ ಲೋಟದಿಂದ ಸಿಗುತ್ತಿದ್ದ ಎರಡು ಗುಟುಕು ಕಾಫಿ ನಿಂತಿತು. ಎಂಟರ ನಂತರ ಟಿವಿ, ಮೊಬೈಲ್ ಮನೆಮಂದಿಗೆಲ್ಲ ಬಂದ್ ಆಯಿತು. ಬಹಳ ಕಷ್ಟವಾದದ್ದು ಇದೇ, ಅದೂ ದೊಡ್ಡವರಿಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಎಡಿಎಚ್‌ಡಿ ಇರುವ 244 ಮಕ್ಕಳ ಮನೆಗಳನ್ನು ತೆಗೆದುಕೊಂಡು ಇಂತಹ ಸಲಹೆಯನ್ನು ಎರಡೇ ಭೇಟಿಗಳಲ್ಲಿ, ಒಂದು ಫೋನ್ ಕರೆಯಲ್ಲಿ ಕೊಟ್ಟು ನೋಡಿದ್ದಾರೆ. 2015ರಲ್ಲಿ ಬಂದ ಅದರ ಫಲಿತಾಂಶದಲ್ಲಿ ನಿದ್ರೆಯಷ್ಟೇ ಅಲ್ಲ, ಎಡಿಎಚ್‌ಡಿಯ ಲಕ್ಷಣಗಳೂ ಸ್ವಲ್ಪ ತಗ್ಗಿದ್ದವು.

ಬೇರೆ ಔಷಧಗಳ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಕ್ಲೋನಿಡಿನ್ ಮೂಲತಃ ರಕ್ತದೊತ್ತಡದ ಮಾತ್ರೆ. ಎಡಿಎಚ್‌ಡಿಗೂ ಕೊಡುತ್ತಾರೆ, ನಿದ್ರೆಗೂ ಕೆಲವು ವೈದ್ಯರು ಬರೆಯುತ್ತಾರೆ. ಬರೆದರೆ ನಾಡಿ, ರಕ್ತದೊತ್ತಡ ನೋಡುತ್ತಿರಬೇಕು, ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ನಿಲ್ಲಿಸಿದರೆ ರಕ್ತದೊತ್ತಡ ಜಿಗಿಯುತ್ತದೆ. ದೊಡ್ಡವರ ನಿದ್ರೆ ಮಾತ್ರೆ ಜೋಲ್ಪಿಡೆಮ್ ಅನ್ನು ಎಡಿಎಚ್‌ಡಿ ಇರುವ 201 ಮಕ್ಕಳಲ್ಲಿ ಪರೀಕ್ಷಿಸಿದಾಗ ಹುಸಿ ಮಾತ್ರೆಗಿಂತ ಬೇಗ ನಿದ್ರೆ ಬರಲಿಲ್ಲ, ಕೆಲವು ಮಕ್ಕಳಿಗೆ ಇಲ್ಲದ್ದು ಕಾಣುವ ಭ್ರಮೆ ಉಂಟಾಯಿತು. ಮಕ್ಕಳ ನಿದ್ರಾಹೀನತೆಗೆಂದೇ ಅಮೆರಿಕದ ಔಷಧ ಪ್ರಾಧಿಕಾರ ಒಪ್ಪಿದ ಮಾತ್ರೆ ಒಂದೂ ಇಲ್ಲ. ಮುಂದೆ ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಶುರುಮಾಡಿದರೆ ಅದೂ ನಿದ್ರೆ ಕದಿಯಬಹುದು, ಕೊಡುವ ಹೊತ್ತಿನ ಬಗ್ಗೆ ಆಗ ಮಾತಾಡಿ.

ವೈದ್ಯರಲ್ಲಿಗೆ ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಹಾಸಿಗೆಗೆ ಹೋದ ಹೊತ್ತು, ನಿದ್ರೆ ಬಂದ ಹೊತ್ತು, ಎಚ್ಚರವಾದದ್ದು, ಮಧ್ಯಾಹ್ನದ ನಿದ್ರೆ, ಸಂಜೆ ತಿಂದದ್ದು. ಗಮ್ಮಿಯ ಡಬ್ಬಿಯನ್ನೂ ಜೊತೆಗೆ ಒಯ್ದು ತೋರಿಸಿ. ನಿಮ್ಮ ಊರಿನಲ್ಲಿ ಮಕ್ಕಳ ಮನೋವೈದ್ಯರು ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ, ಉತ್ತರ ಕರ್ನಾಟಕದವರಾದರೆ ಧಾರವಾಡದ ಡಿಮ್ಹಾನ್ಸ್ ಹತ್ತಿರವಾದೀತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ರಾತ್ರಿ ಎರಡರಲ್ಲಿ ನೀವೇ ಅಳುತ್ತ ಕೂತಿದ್ದರೂ ಕರೆ ಮಾಡಬಹುದು, ಆ ಸೇವೆ ಇಪ್ಪತ್ತನಾಲ್ಕು ಗಂಟೆಯೂ ಇದೆ.

ಒಂದು ವಿಷಯ ನೀವು ಬರೆದಿಲ್ಲ. ರಾತ್ರಿ ಅವನು ಕಾಲು ಒತ್ತು ಎನ್ನುತ್ತಾನೆಯೇ, ಹಾಸಿಗೆಯಲ್ಲಿ ಕಾಲು ಉಜ್ಜಿಕೊಳ್ಳುತ್ತಾನೆಯೇ? ಇವತ್ತು ರಾತ್ರಿ ಗದರದೆ ಅವನನ್ನೇ ಕೇಳಿ ನೋಡಿ, ಅವನು ಏನೆಂದನೆಂದು ಇಲ್ಲಿ ಕೆಳಗೆ ಬರೆಯಿರಿ. ನಾನು ನೋಡುತ್ತಿರುತ್ತೇನೆ.