ಸಾಕಿದ ಆಮೆಯ ಮೂಗಿನಲ್ಲಿ ಗುಳ್ಳೆ ಬರುತ್ತಿದೆ, ಏನು ಮಾಡಬೇಕು?

ಧಾರವಾಡದ ಡಿಸೆಂಬರ್ ಚಳಿಯಲ್ಲಿ ಅಂಗಡಿಯಿಂದ ತಂದ ಕೆಂಪು ಕಿವಿಯ ನೀರಾಮೆಯ ಮೂಗಿನಿಂದ ಗುಳ್ಳೆ ಬರುವುದು, ಅದು ಕತ್ತು ಚಾಚಿ ಬಾಯಿ ತೆರೆದು ಉಸಿರಾಡುವುದು, ಆಹಾರ ಬಿಡುವುದು ಉಸಿರಾಟದ ಸೋಂಕಿನ ಲಕ್ಷಣಗಳು. ಈಜುವಾಗ ಒಂದು ಪಕ್ಕಕ್ಕೆ ವಾಲಿದರೆ ನ್ಯುಮೋನಿಯಾ ಆಗಿರುವ ಸಂಭವವಿದೆ. ಆಮೆಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇರುವ, ಉಸಿರಾಟಕ್ಕೆ ನೆರವಾಗುವ ಸ್ನಾಯು) ಇಲ್ಲದ ಕಾರಣ ಕಫವನ್ನು ಕೆಮ್ಮಿ ಹೊರಹಾಕುವುದು ಕಷ್ಟ, ಆದ್ದರಿಂದ ತಾನಾಗಿಯೇ ವಾಸಿಯಾದೀತೆಂದು ಕಾಯಬಾರದು. ಹೀಟರ್ ಹಾಕಿ ನೀರನ್ನು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ, ಮೈ ಕಾಯಿಸಿಕೊಳ್ಳುವ ಒಣ ಜಾಗಕ್ಕೆ ಬಲ್ಬಿನ ಶಾಖ ಕೊಡಿ; ಮೈ ತಣ್ಣಗಿದ್ದರೆ ಔಷಧವೂ ಸರಿಯಾಗಿ ನಾಟುವುದಿಲ್ಲ. ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರು ಎಕ್ಸ್‌ರೇ ತೆಗೆಸಿ, ತೂಕಕ್ಕೆ ತಕ್ಕಂತೆ ಆ್ಯಂಟಿಬಯೋಟಿಕ್ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ. ದನಗಳಿಗೆ ಕೊಡುವ ಹುಳುನಾಶಕ ಔಷಧ ಐವರ್‌ಮೆಕ್ಟಿನ್ ಮಾತ್ರ ಬೇಡವೇ ಬೇಡ, ಆಮೆಗಳಿಗೆ ಅದು ಮಾರಕ. ನಿಮ್ಮದು ನಕ್ಷತ್ರ ಆಮೆಯಾಗಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಸಾಕುವುದೇ ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸಬೇಕಾಗುತ್ತದೆ.