ದಾಳಿಂಬರಿ ಸಿಪ್ಪಿ ತಿಪ್ಪಿಗೆ ಹಾಕೂಕಿಂತ ಮೊದಲ

ಅಣ್ಣಾರ, ಬಬಲೇಶ್ವರದಾಗ ದಾಳಿಂಬರಿ ಕಾಳು ಬಿಡಿಸಿ ಪ್ಯಾಕ್ ಮಾಡೂ ಘಟಕದಾಗ ಸಿಪ್ಪಿ ರಾಶಿ ಬೀಳಾಕತ್ತೇತಿ, ಎಮ್ಮಿಗೆ ಹಾಕಲ್ಯಾ, ಗೊಬ್ಬರಾ ಮಾಡಲ್ಯಾ ಅಂತ ಕೇಳೀರಿ. ನನ್ನ ಕೇಳಿದ್ರ ಎರಡೂ ಆಮ್ಯಾಲ. ಮೊದಲ ಒಣಗಸ್ರಿ, ಅದೂ ಅವತ್ತಿಂದ ಅವತ್ತ.

ಹಣ್ಣಿನ ತೂಕದಾಗ ಹತ್ತತ್ರ ಅರ್ಧ ಸಿಪ್ಪಿನೇ. ಹಸಿದು ಒಟ್ಟಿದ್ರ ಕಾವು ಹಿಡಿದು ಬೂಷ್ಟು ಬರತೈತಿ, ಆಮ್ಯಾಲ ಅದು ತಿಪ್ಪಿಗಷ್ಟ. ಬೆರಳಗಲ ಹೆಚ್ಚಿ ತೆಳ್ಳಗ ಹರವ್ರಿ. ಮೃಗ್ ಬಹಾರದ (ಮಳಿಗಾಲದ ಶುರುವಿಗೆ ಹೂ ಬಿಡೂ ಬೆಳಿ) ಹಣ್ಣು ಬರೂ ಹೊತ್ತಿಗೆ ನಿಮ್ಮ ಕಡೆ ಒಣದ್ರಾಕ್ಷಿ ಶೆಡ್ಡು ಖಾಲಿ ಇರತಾವಲ್ಲ, ಆ ಜಾಲರಿ ಬಾಡಿಗಿಗೆ ಕೇಳ್ರಿ. ದ್ರಾಕ್ಷಿ ಬೇಗ ಒಣಗಲಿ ಅಂತ ಅದ್ದೂ ಡಿಪ್ಪಿಂಗ್ ಎಣ್ಣಿ ಜಿಡ್ಡು ಇರತೈತಿ, ತೊಳದ ಹಾಕ್ರಿ. ಮುರಿದ್ರ ಟಪ್ ಅನ್ನಬೇಕು, ಬಾಗಿದ್ರ ಇನ್ನೂ ಹಸಿ.

ಒಣಗಿದ ಸಿಪ್ಪಿ ಬಣ್ಣದ ಸಾಮಾನು. ಅಳಲೆಕಾಯಾಗ ಇದ್ದಂಗ ಇದರಾಗೂ ಟ್ಯಾನಿನ್ (ಒಗರಿನ ಅಂಶ) ಭಾಳ. ಒಂದು ಕಿಲೋ ಹತ್ತಿ ಅರಿಬಿಗೆ ಒಂದು ಕಿಲೋ ಒಣ ಸಿಪ್ಪಿ ಲೆಕ್ಕ ಹಿಡೀರಿ. ರಾತ್ರಿ ನೆನಸಿ, ಬೆಳಿಗ್ಗೆ ಒಂದು ತಾಸು ಸಣ್ಣ ಉರಿಮ್ಯಾಲ ಕುದಿಸಿ ಸೋಸ್ರಿ. ಅರಿಬಿ ಗಂಜಿ ಹೋಗೂವಂಗ ಒಗೆದು, 150 ಗ್ರಾಂ ಪಟಕ ಕರಗಿಸಿದ ಬಿಸಿನೀರಾಗ ಅದ್ದಿ, ಆಮ್ಯಾಲ ಬಣ್ಣದಾಗ ಮುಕ್ಕಾಲು ತಾಸು ಬಿಡ್ರಿ. ಹಳದಿ ಬರತೈತಿ. ಕಡೀಕ 10-20 ಗ್ರಾಂ ಅನ್ನಭೇದಿ (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) ಕರಗಿಸಿದ ನೀರಿಗೆ ಅದ್ದಿದ್ರ ಬೂದುಹಸಿರು ಆಕ್ಕೇತಿ. ಹೆಚ್ಚಾದ್ರ ನೂಲು ಸವೀತೈತಿ. ಪಾತ್ರಿ ಸ್ಟೀಲಿಂದ ಇರಲಿ, ಕಬ್ಬಿಣದ್ದು ತಾನ ಬಣ್ಣ ಕಪ್ಪ ಮಾಡತೈತಿ. ಬೋರಿನ ನೀರಿಗೂ ಬಣ್ಣ ತಿರುಗತೈತಿ, ಮೊದಲ ತುಂಡು ಅರಿಬಿಮ್ಯಾಲ ನೋಡ್ರಿ.

ಇಳಕಲ್, ಗುಳೇದಗುಡ್ಡ ನೇಕಾರರ ಊರು ಅಂದಕೂಡ್ಲೆ ಗಿರಾಕಿ ಸಾಲು ಹಚ್ಚತಾರ ಅನ್ಕೋಬ್ಯಾಡ್ರಿ. ರಾಸಾಯನಿಕ ಬಣ್ಣದ ಕೆಲಸ ಸಲೀಸು, ಮಂದಿ ಅದನ್ನ ಬಿಟ್ಟು ಬರೂದು ಕಮ್ಮಿ. ನೈಸರ್ಗಿಕ ಬಣ್ಣ ಮಾಡವ್ರಿಗೆ ಒಂದೆರಡು ಕಿಲೋ ಸ್ಯಾಂಪಲ್ ಕೊಟ್ಟು, ದರ ಮಾತಾಡಿ, ಆಮ್ಯಾಲ ಪುಡಿ ಮಷಿನ್ ತರ್ರಿ. ಹಲ್ಲುಪುಡಿ, ಮುಖಕ್ಕ ಹಚ್ಚೂ ಪುಡಿ ಅಂತ ಯಾರರೆ ಹೇಳಿದ್ರ ನಾನಂತೂ ಬ್ಯಾಡ ಅಂತೀನಿ. ನಮ್ಮ ದಾಳಿಂಬರಿಗೆ ಎಷ್ಟು ಸಲ ಔಷಧ ಹೊಡೀತೀವಿ ಅಂತ ನಮಗ ಗೊತ್ತಿಲ್ಲೇನ್ರಿ?

ಎಮ್ಮಿಗೆ ಹೆಚ್ಚು ಹಾಕಿದ್ರ ಅದ ಟ್ಯಾನಿನ್ ಪಚನಕ್ಕ ಅಡ್ಡ ಬರತೈತಿ. ಪಶುವೈದ್ಯರನ್ನ ಕೇಳಿ, ಮೇವಿನಾಗ ಸ್ವಲ್ಪಷ್ಟ ಕಲಸ್ರಿ.

ಗೊಬ್ಬರದ್ದು ಮಾತ್ರ ಹುಷಾರು. ದುಂಡಾಣು ಅಂಗಮಾರಿ ರೋಗದ ಕಪ್ಪು ಚುಕ್ಕಿ ಇದ್ದ ಸಿಪ್ಪಿ, ಸೀಳಿದ ಹಣ್ಣು ಬ್ಯಾರೆ ತಗೀರಿ, ಸುಟ್ಟುಬಿಡ್ರಿ. ಉಳಿದದ್ದನ್ನ ಸೆಗಣಿ ಜೋಡಿ ಪೂರಾ ಕೊಳಿಸಿ ಜೋಳಕ್ಕೋ ಕಬ್ಬಿಗೋ ಹಾಕ್ರಿ. ರೋಗ ಉಳಿದಿದ್ರ ಮತ್ತ ಹಬ್ಬಬಹುದು, ದಾಳಿಂಬರಿ ಬುಡಕ್ಕ ಮಾತ್ರ ಬ್ಯಾಡ.