ಹರಿಯದ ಬಳ್ಳಿ, ಹರಡುವ ಶಾಯಿ

ಪ್ರಶ್ನೆ: ಲಗ್ನಪತ್ರಿಕೆಯ ಅಂಚಿಗೆ ಕಪ್ಪು ಶಾಯಿಯಲ್ಲಿ ಹೂಬಳ್ಳಿ ಬರೆಯುತ್ತಿದ್ದೇನೆ. ಹೂವು ಚೆನ್ನಾಗಿ ಬರುತ್ತದೆ, ಆದರೆ ಬಳ್ಳಿಗೆ ಅಂಟಿಸಿದ ಹಾಗೆ ಕಾಣುತ್ತದೆ. ಏಕೆ?
– ಓದುಗರು, ದಾವಣಗೆರೆ

ಉತ್ತರ: ಹೂವು ಬರೆದು ಆಮೇಲೆ ಬಳ್ಳಿ ಎಳೆದರೆ ಹೀಗೇ ಆಗುವುದು. ಬಳ್ಳಿಯೇ ಮೊದಲು. ಎಚ್‌ಬಿ ಪೆನ್ಸಿಲ್ಲಿನಿಂದ ಹಗುರವಾಗಿ 4 ಸೆಂ.ಮೀ. ಅಗಲದ ಪಟ್ಟಿ ಹಾಕಿ, ಅದರೊಳಗೆ ಅಷ್ಟೇ ವ್ಯಾಸದ ವೃತ್ತಗಳನ್ನು ಒಂದಕ್ಕೊಂದು ತಾಗುವಂತೆ ಎಳೆಯಿರಿ. ಬಳ್ಳಿ ಮೊದಲ ವೃತ್ತದ ಕೆಳಗಿನಿಂದ ಬಂದು, ತಾಗುವ ಬಿಂದುವಿನಲ್ಲಿ ದಾಟಿ, ಎರಡನೆಯದರ ಮೇಲಿನಿಂದ ಸಾಗಲಿ. ದಾಟುವ ಜಾಗದಲ್ಲೇ ಕವಲು ಒಡೆಯಬೇಕು. ಆ ಕವಲು ಮೊದಲ ವೃತ್ತದ ಗುಂಟವೇ ಮುಂದುವರಿದು ಒಳಕ್ಕೆ ಸುರುಳಿಯಾಗಲಿ, ತುದಿಯಲ್ಲಿ ಹೂವು. ನಿಮ್ಮ ಕವಲುಗಳು ಬಹುಶಃ ಬಳ್ಳಿಗೆ ಅಡ್ಡಲಾಗಿ, ಮೊಳೆ ಹೊಡೆದಂತೆ ನಿಂತಿವೆ. ಕವಲೊಡೆದ ಕಡೆ ಒಂದು ಸಣ್ಣ ಎಲೆ ಹೊದಿಸಿ, ಬೆಸುಗೆ ಮುಚ್ಚಿಹೋಗುತ್ತದೆ.

ಹೂವಿನ ವ್ಯಾಸ 2 ಸೆಂ.ಮೀ. ಸಾಕು. ಎಂಟು ದಳವಾದರೆ 45 ಡಿಗ್ರಿಗೊಂದು ಗೆರೆ. ಆರು ದಳಕ್ಕೆ ಕೈವಾರವನ್ನು ತ್ರಿಜ್ಯದಷ್ಟೇ ತೆರೆದು ಪರಿಧಿಯ ಮೇಲೆ ಗುರುತು ಹಾಕುತ್ತ ಹೋಗಿ. ತೋಟದ ಹೂವನ್ನು ನೋಡಿ ನಕಲು ಮಾಡಬೇಡಿ. ಪಕ್ಕದ ಹರಿಹರಕ್ಕೆ ಹೋಗಿ, 1224ರ ಹರಿಹರೇಶ್ವರ ಗುಡಿಯ ಛಾವಣಿಯ ತಾವರೆ ನೋಡಿ. ಅದು ಕೆರೆಯ ತಾವರೆಯಲ್ಲ, ಲೆಕ್ಕದ ತಾವರೆ.

ಪ್ರಶ್ನೆ: ಶಾಯಿಗೆ ಅದ್ದಿ ಬರೆಯುವ ನಿಬ್ಬಿನಲ್ಲಿ ಬರೆದರೆ ಕೆಲವೆಡೆ ಶಾಯಿ ಹರಡುತ್ತದೆ, ಕೆಲವೆಡೆ ಇಳಿಯುವುದೇ ಇಲ್ಲ.
– ಓದುಗರು, ಚಿತ್ರದುರ್ಗ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಹರಡುವುದು ಕಾಗದದ ದೋಷ. ಜೆರಾಕ್ಸ್ ಹಾಳೆ ಬಿಟ್ಟು 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಪ್ಪದ ನುಣುಪು ಕಾಗದ ತನ್ನಿ. ಒಳ್ಳೆಯ ಕಾಗದದಲ್ಲೂ ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ನಾರೆದ್ದು ಶಾಯಿ ಹೀರುತ್ತದೆ. ಅಂಗೈ ಅಡಿಗೊಂದು ಹಾಳೆ ಇರಲಿ, ಕೈಯ ಜಿಡ್ಡು ತಾಗಬಾರದು.

ಇಳಿಯದಿರುವುದು ನಿಬ್ಬಿನ ತೊಂದರೆ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಟೂತ್‌ಪೇಸ್ಟ್ ಹಚ್ಚಿ ತೊಳೆಯಿರಿ. ಅರಗು ಬೆರೆತ ಇಂಡಿಯನ್ ಇಂಕ್ ಏಪ್ರಿಲ್ ಬಿಸಿಲಲ್ಲಿ, ಅದೂ ಫ್ಯಾನಿನಡಿ, ನಿಬ್ಬಿನ ಸೀಳಿನಲ್ಲೇ ಒಣಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರಿಗದ್ದಿ ಒರೆಸಿ. ಶಾಯಿ ಗಟ್ಟಿಯಾಗಿದ್ದರೆ ಒಂದೆರಡು ಹನಿ ಡಿಸ್ಟಿಲ್ಡ್ ವಾಟರ್ ಸೇರಿಸಿ. ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಬೇಡಿ, ಪೆನ್ನು ಕೆಟ್ಟಂತೆಯೇ.

ಪ್ರಶ್ನೆ: ಸಣ್ಣ ಮೊನೆಯ ಮೈಕ್ರಾನ್ ಪೆನ್ನಿನ ಮೇಲೆ 01 ಎಂದಿದ್ದರೆ ಗೆರೆಯ ದಪ್ಪ 0.1 ಮಿ.ಮೀ. ತಾನೆ?
– ಓದುಗರು, ಹೊಳಲ್ಕೆರೆ

ಉತ್ತರ: ಅಲ್ಲ, 0.25. ಬಳ್ಳಿಗೆ 05 (0.45 ಮಿ.ಮೀ.), ದಳದ ಅಂಚಿಗೆ 03 (0.35), ನರಗಳಿಗೆ 005 (0.2) ಹೊಂದುತ್ತದೆ. ಚಿತ್ರವನ್ನು ಅರ್ಧ ಅಳತೆಗೆ ಇಳಿಸಿ ಅಚ್ಚು ಹಾಕಿಸುವುದಾದರೆ 005 ಬಿಡಿ, 0.1ಕ್ಕೆ ಇಳಿದ ಗೆರೆ ಅಲ್ಲಲ್ಲಿ ಕಡಿದು ಬರುತ್ತದೆ.